ಅರ್ಜಿ ತುಂಬುವ ಮೊದಲು: ಮಗಳಿಗೊಂದು ಪತ್ರ

ಕೊಪ್ಪಳ, ಭಾನುವಾರ ರಾತ್ರಿ

ಅವ್ವಾ ಸುಮಾ,

ಬಿ.ಎ. ಮುಗಿದ ಮೇಲೆ ಮುಂದೇನು ಅನ್ನೋ ಮಾತು ಫೋನಿನಲ್ಲಿ ಎತ್ತಿದರೆ ನಿನಗೂ ಸಿಟ್ಟು, ನನಗೂ ಸಿಟ್ಟು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮೊನ್ನೆ ಮದುವೆ ಊಟದಲ್ಲಿ ನಿಮ್ಮ ಮಾವನ ಮುಂದೆ "ಬರೀ ಬಿ.ಎ. ಅಲ್ವಾ, ನೋಡಬೇಕು" ಅಂದೆ. ಅದೇನೋ ಕಾಯಿಲೆ ಅನ್ನೋ ಹಾಗೆ. ನೀನು ಅರ್ಧ ಊಟಕ್ಕೇ ಎದ್ದು ಹೋದೆ.

ನನಗೆ ಗೊತ್ತಿರೋದು ನಮ್ಮ ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಬಿ.ಎ. ಮಕ್ಕಳ ಮಾರ್ಕ್ಸ್ ಕಾರ್ಡು ನನ್ನ ಮೆಷಿನ್ನಿನ ಗಾಜಿನ ಮೇಲೇ ಹಾದು ಹೋಗಿವೆ. ಬೆಳಗ್ಗೆ ಬಿ.ಎಡ್.ಗೆ ಅರ್ಜಿ ಹಾಕಿದ ಹುಡುಗ ಮಧ್ಯಾಹ್ನ ಪೊಲೀಸ್‌ಗೆ ಹಾಕುತ್ತಾನೆ, ಸಂಜೆ ಬ್ಯಾಂಕಿಗೆ. "ಯಾವುದು ಬೇಕಪಾ ನಿನಗ?" ಅಂದರೆ "ಯಾವುದು ಸಿಕ್ಕರ ಅದು ರೀ" ಅಂತಾನೆ. ನನಗೇನು, ವ್ಯಾಪಾರ. ನನ್ನ ಮಗಳು ಮಾತ್ರ ಆ ಸಾಲಿನಲ್ಲಿ ನಿಲ್ಲೋದು ಬೇಡ.

ನಿಮ್ಮವ್ವನಿಗೆ ಬಿ.ಎಡ್. ಆಸೆ. ಎರಡು ವರ್ಷ ಓದು, ಆಮೇಲೆ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ, ಆಮೇಲೆ ನೇಮಕಾತಿ ಕರೆಯೋವರೆಗೆ ಕಾಯೋದು. ಕೆಟ್ಟ ದಾರಿಯಲ್ಲ. ಆದರೆ ತಮ್ಮನಿಗೆ ಹತ್ತು ನಿಮಿಷ ಲೆಕ್ಕ ಹೇಳಿಕೊಡುವಷ್ಟರಲ್ಲಿ ನೀನು ಸ್ಕೇಲು ಹುಡುಕುತ್ತೀಯ! ಮೂರು ವರ್ಷದ ಎಲ್‌ಎಲ್‌ಬಿ ಇದೆ, ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಇದೆ, ಗ್ರಂಥಾಲಯ ವಿಜ್ಞಾನ ಇದೆ. ಕೆಎಎಸ್‌ಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಇತಿಹಾಸ ಓದಿದವರಿಗೆ ಅಲ್ಲಿ ಅನುಕೂಲವೂ ಇದೆ. ಆದರೆ ಧಾರವಾಡದಲ್ಲಿ ರೂಮು ಮಾಡಿ, ವರ್ಷಗಟ್ಟಲೆ ಕೂತು, ಕಡೆಗೆ ನನ್ನ ಅಂಗಡಿಗೇ ಬಂದವರನ್ನೂ ನೋಡಿದ್ದೇನೆ.

ನನಗೆ ಪದೇ ಪದೇ ನೆನಪಾಗೋದು ಬೇರೆ. ನೀನು ಆರನೇ ಕ್ಲಾಸಿನಲ್ಲಿದ್ದೆ. ಗವಿಮಠದ ಜಾತ್ರೆ. ಮಿರ್ಚಿ ಕೊಡಿಸ್ತೀನಿ ಅಂದರೂ ಬಿಡದೆ ಗುಡ್ಡದ ಮೇಲಿನ ಅಶೋಕನ ಶಾಸನದ ಹತ್ತಿರ ಎಳೆದುಕೊಂಡು ಹೋದೆ. ಬ್ರಾಹ್ಮಿ ಅಕ್ಷರ ನೋಡಿ "ಅಪ್ಪಾ, ಇದನ್ನ ಓದೋರು ಯಾರು?" ಅಂದೆ. ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತು. ಓದೋದೇ ಕೆಲಸ ಆಗಿರೋರು ಇದ್ದಾರೆ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ. ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ಶಾಸನಗಳಲ್ಲಿ ಬರೋ 'ದೇವಾನಾಂಪ್ರಿಯ' ಅನ್ನೋ ರಾಜ ಅಂದರೆ ಅಶೋಕ ಅಂತ ಖಚಿತವಾಯಿತು ಅಂತ ನೀನೇ ಹೇಳಿದ್ದೆ. ಅದನ್ನು ಹೇಳುವಾಗ ನಿನ್ನ ಮುಖ ನೋಡಬೇಕಿತ್ತು.

ಹಾಗಾಗಿ ಇತಿಹಾಸದಲ್ಲಿ ಎಂ.ಎ. ಮಾಡು ಅಂತ ನನ್ನ ಮಾತು. ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ನಿನ್ನ ಹಾಸ್ಟೆಲಿಗೆ ಹತ್ತಿರ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಎ.ಯಲ್ಲಿ ಶೇ 55 ದಾಟಿದರೆ ಕಾಲೇಜಿನಲ್ಲಿ ಪಾಠ ಮಾಡೋ ಅರ್ಹತೆಗೆ ಇರೋ ಕೆಸೆಟ್, ನೆಟ್ ಪರೀಕ್ಷೆ ಬರೆಯಬಹುದು, ಮೀಸಲಾತಿ ಇದ್ದವರಿಗೆ ಶೇ 50 ಸಾಕು. ಪುರಾತತ್ವ ಇಲಾಖೆಯ ಎರಡು ವರ್ಷದ ಡಿಪ್ಲೊಮಾ ಕೂಡ ಎಂ.ಎ. ಆದಮೇಲೆಯೇ. ಹೌದು, ಉದ್ದದ ದಾರಿ. ಸಂಬಳ ತಡವಾಗಿ ಬರುತ್ತದೆ. ಅಂಗಡಿ ನಡೆಯುತ್ತಿದೆ, ಅದರ ಚಿಂತೆ ನಿನಗೆ ಬೇಡ.

ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರೋ ಮೀಸಲಾತಿಯ 371ಜೆ ಅರ್ಹತಾ ಪತ್ರ ಮಾತ್ರ ಈಗಲೇ ಮಾಡಿಸೋಣ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮ್ಮವರಿಗೆ, ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80. ಹೋದ ತಿಂಗಳು ಒಂದು ಹುಡುಗಿ ಕೊನೇ ದಿನ ಸಂಜೆ ಬಂದಳು. ಪತ್ರ ಇಲ್ಲ, ಸರ್ವರ್ ಬೇರೆ ಡೌನ್. ರಾತ್ರಿ ಹನ್ನೊಂದರವರೆಗೆ ಶಟರ್ ಅರ್ಧ ಎಳೆದು ಕೂತೆ. ಆಗಲಿಲ್ಲ. ಅವಳು ಅಳಲಿಲ್ಲ, ಜೆರಾಕ್ಸಿನ ದುಡ್ಡು ಎಣಿಸಿ ಕೊಟ್ಟು ಹೋದಳು.

ಇನ್ನೊಂದು. ನಿನ್ನ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೆಸರಿಗೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಅದನ್ನೂ ಸರಿ ಮಾಡಿಸೋಣ. ಶನಿವಾರ ಪ್ಯಾಸೆಂಜರ್‌ಗೆ ಬಾ, ಒರಿಜಿನಲ್ ಎಲ್ಲಾ ತಗೊಂಡು ಬಾ. ಅವ್ವ ಶೇಂಗಾ ಹೋಳಿಗೆ ಮಾಡುತ್ತಾಳಂತೆ.

ನಿನ್ನ ಅಪ್ಪ