ಕಾಲಿನ ಫುಟ್‌ವಾಲ್ವ್

ಬದಿಯಡ್ಕ
ಬುಧವಾರ

ಚಿ. ಸುಮಾಳಿಗೆ ಅಜ್ಜನ ಆಶೀರ್ವಾದಗಳು.

ಸಂಜೆಯಾಗುವಾಗ ಪಾದ ಬಾತು ಚಪ್ಪಲಿ ಬಿಗಿಯಾಗುತ್ತದೆ ಎಂದು ನೀನು ಅಜ್ಜಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಎಣ್ಣೆ ತಿಕ್ಕು ಎಂದಳು ಅವಳು. ತಿಕ್ಕು, ಬೇಡವೆನ್ನುವುದಿಲ್ಲ. ಆದರೆ ಜವಳಿ ಅಂಗಡಿಯಲ್ಲಿ ಹತ್ತು ಗಂಟೆ ನಿಂತವಳ ಕಾಲಿನೊಳಗೆ ಏನಾಗುತ್ತದೆಂದು ಮೊದಲು ತಿಳಿದುಕೋ.

ಗುಡ್ಡದೊಳಗೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ ನೀರಿಗೆ ಪಂಪು ಬೇಡ, ಇಳಿಜಾರಿನಲ್ಲಿ ತಾನಾಗಿ ತೋಟಕ್ಕೆ ಬರುತ್ತದೆ. ಬಾವಿಯ ನೀರಿಗೆ ಪೈಪಿನ ತುದಿಯಲ್ಲಿ, ನೀರನ್ನು ಮೇಲಕ್ಕೆ ಮಾತ್ರ ಬಿಡುವ ಫುಟ್‌ವಾಲ್ವ್ ಎಂಬ ಕವಾಟ ಬೇಕು. ಅದರಲ್ಲಿ ಕಸ ಸಿಕ್ಕಿದರೆ ಏರಿದ ನೀರೆಲ್ಲ ಮರಳಿ ಬಾವಿಗೆ. ಪಂಪಿನ ಬಾಯಿಗೆ ಕೊಡದಿಂದ ನೀರು ಹೊಯ್ದು ಸುಸ್ತಾದವಳು ನೀನೇ ಅಲ್ಲವೇ? ಕಾಲಿನ ಕತೆಯೂ ಹಾಗೆಯೇ. ರಕ್ತ ಪಾದಕ್ಕೆ ಇಳಿಯುವಾಗ ಹಿಂದೆ ಹೃದಯದ ಒತ್ತಡವಿರುತ್ತದೆ. ಕೂದಲಿಗಿಂತ ಎಷ್ಟೋ ಸಪುರವಾದ ಲೋಮನಾಳಗಳನ್ನು ದಾಟುವಷ್ಟರಲ್ಲಿ ಆ ಒತ್ತಡ ಬಹುಪಾಲು ಮುಗಿದಿರುತ್ತದೆ. ಮತ್ತೆ ಮೇಲೇರಿಸುವ ಕೆಲಸ ಮೀನಖಂಡದ ಸ್ನಾಯುವಿನದು. ನಡೆದಾಗ ಅದು ಅಭಿಧಮನಿಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳನ್ನು, ಹಿಂಡುತ್ತದೆ; ಒಳಗಿನ ಕವಾಟಗಳು ಏರಿದ್ದನ್ನು ಇಳಿಯಗೊಡುವುದಿಲ್ಲ. ಅಲುಗಾಡದೆ ನಿಂತರೆ ಹಿಂಡುವವರಿಲ್ಲ. ರಕ್ತ ತಂಗುತ್ತದೆ, ಅದರ ನೀರಿನಂಶ ಜಿನುಗಿ ಪಾದ ಬಾತುಕೊಳ್ಳುತ್ತದೆ.

ನಂಬಿಕೆಯಾಗದಿದ್ದರೆ ಕೈ ಇಳಿಬಿಡು. ಉಬ್ಬಿದ ಒಂದು ನಾಳವನ್ನು (ಊರಲ್ಲಿ ನರ ಎನ್ನುತ್ತಾರೆ, ತಪ್ಪು) ಬೆರಳಿನಿಂದ ಒತ್ತಿ ಹಿಡಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈ ಕಡೆಗೆ ಸವರಿಬಿಡು. ಕವಾಟದವರೆಗೆ ನಾಳ ಖಾಲಿಯಾಗಿಯೇ ಉಳಿಯುತ್ತದೆ. ಒತ್ತಿದ ಬೆರಳೆತ್ತಿದರೆ ಕೆಳಗಿನಿಂದ ತುಂಬುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಲೋಕಕ್ಕೆ ತೋರಿಸಿದ್ದು ಇದನ್ನೇ. ಆಗ ಪಂಡಿತರೆಲ್ಲ, ಉಂಡದ್ದು ಯಕೃತ್ತಿನಲ್ಲಿ ರಕ್ತವಾಗಿ ಮೈಯಲ್ಲೇ ಖರ್ಚಾಗುತ್ತದೆ ಎಂದಿದ್ದರು. ಹೃದಯ ಹೊರತಳ್ಳುವ ರಕ್ತ ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಮಿಡಿತ: ಹತ್ತಿರ ಹತ್ತಿರ 5 ಲೀಟರ್ ಆಯಿತು. ಗಂಟೆಗೆ 300 ಲೀಟರ್ ರಕ್ತವನ್ನು ಯಾವ ಊಟ ಹುಟ್ಟಿಸೀತು? ಹಾರ್ವೆ ಹಿಡಿದ ಅಂಕಿ ಇದಕ್ಕಿಂತ ಕಡಿಮೆ, ತರ್ಕ ಇದೇ. ಹೋದದ್ದೇ ಮರಳಿ ಬರಬೇಕು.

ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ನನ್ನ ಕಾಲನ್ನು ನೀನು ನೋಡಿದ್ದೀಯೆ, ಎರೆಹುಳು ಸುತ್ತಿಕೊಂಡಂತೆ ನಾಳಗಳು ಉಬ್ಬಿವೆ. ಪಾಠ ಮಾಡಿದ್ದನ್ನು ನಾನೇ ಪಾಲಿಸಲಿಲ್ಲ. ಸೋತ ಕವಾಟವನ್ನು ಬಾವಿಯದರಂತೆ ಬಿಚ್ಚಿ ತೊಳೆದು ಮತ್ತೆ ಕೂರಿಸಲು ಬರುವುದಿಲ್ಲ.

ಆದ್ದರಿಂದ ಸೀರೆ ಬಿಡಿಸಿ ತೋರಿಸುವಾಗಲೂ ಆಗಾಗ ಹಿಮ್ಮಡಿ ಎತ್ತಿ ಇಳಿಸು. ರಾತ್ರಿ ಕಾಲಿನ ಕೆಳಗೆ ದಿಂಬಿಡು. ಒಂದೇ ಕಾಲು ಬಾತು ನೋಯತೊಡಗಿದರೆ ಮಾತ್ರ ಎಣ್ಣೆ ತಿಕ್ಕದೆ ನೇರ ಡಾಕ್ಟರರ ಬಳಿಗೆ ಹೋಗು.

ಗಿರಾಕಿಗಳಿಲ್ಲದಾಗಲೂ ಕೂರಬಾರದೆನ್ನುತ್ತಾರಂತೆ ನಿನ್ನ ಯಜಮಾನರು. ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರೇ ಹೋರಾಡಿದ ಮೇಲೆ 2018ರಲ್ಲಿ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಾಗಿದೆ. ಮರ್ಯಾದೆಯಿಂದಲೇ ಒಂದು ಸ್ಟೂಲು ಕೇಳು. ಏನೆಂದರೆಂದು ಭಾನುವಾರ ಬಂದಾಗ ಹೇಳು.

ನಿನ್ನ ಅಜ್ಜ