ಸೆನ್ಸರ್ ಅಂಕಿಯ ಪಕ್ಕದಲ್ಲಿ ರಕ್ತದ ಅಂಕಿಯೂ ಇರಲಿ

ಮಾನ್ಯ ಸಂಪಾದಕರೇ,

ಮಧುಮೇಹವಿರುವ ನನ್ನ ತಾಯಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದಾಗ, ಅವರ ತೋಳಿನಲ್ಲಿದ್ದ ಸಿಜಿಎಂ ಸೆನ್ಸರ್, ಅಂದರೆ ಗ್ಲುಕೋಸನ್ನು ಹಗಲಿರುಳೂ ಅಳೆಯುವ ಸಾಧನ, ನಡುರಾತ್ರಿ ಅಲಾರಂ ಹೊಡೆದು 58 ಎಂದು ತೋರಿಸಿತು. ಡ್ರಿಪ್‌ನಲ್ಲಿ ಗ್ಲುಕೋಸ್ ಕೊಡುವ ಮೊದಲು ನರ್ಸ್ ಬೆರಳು ಚುಚ್ಚಿ ನೋಡಿದರು, 117 ಇತ್ತು. ತಾಯಿ ಅದೇ ತೋಳಿನ ಮೇಲೆ ಮಗ್ಗುಲಾಗಿ ನಿದ್ದೆ ಹೋಗಿದ್ದರು. ಹೊರಳಿಸಿ ಮಲಗಿಸಿದ ಸ್ವಲ್ಪ ಹೊತ್ತಿಗೆ ಸೆನ್ಸರ್ ಕೂಡ ನೂರು ದಾಟಿತು. ಆ ನರ್ಸ್‌ಗೆ ನಾನು ಋಣಿ.

ಈ ಸಾಧನ ಅಳೆಯುವುದು ರಕ್ತದ ಗ್ಲುಕೋಸನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವೆ ಇರುವ ದ್ರವದ ಗ್ಲುಕೋಸನ್ನು. ರಕ್ತದ ಏರಿಳಿತ ಅಲ್ಲಿ ಕಾಣಿಸಲು ಸುಮಾರು 5ರಿಂದ 15 ನಿಮಿಷ ಹಿಡಿಯುತ್ತದೆ. ಆರೋಗ್ಯ ಸ್ಥಿರವಾಗಿದ್ದಾಗ ಇದು ದೊಡ್ಡ ತೊಡಕಲ್ಲ. ಆದರೆ ರಕ್ತದೊತ್ತಡ ಕುಸಿದು ಅದನ್ನು ಏರಿಸುವ ಔಷಧ ನಡೆಯುತ್ತಿರುವಾಗ, ಮೈ ಊದಿಕೊಂಡಿರುವಾಗ, ಅಥವಾ ಸೆನ್ಸರ್ ಹಾಕಿದ ಮೊದಲ ದಿನ ಅಳತೆ ಹೆಚ್ಚು ತಪ್ಪಬಹುದು. ತಯಾರಕರು ಹೇಳುವ ಶೇ 8ರಿಂದ 10ರಷ್ಟು ವ್ಯತ್ಯಾಸವು ಸರಾಸರಿ ಮಾತ್ರ, ಅದೂ ಬಹುಮಟ್ಟಿಗೆ ಆಸ್ಪತ್ರೆಯ ಹೊರಗಿನವರಲ್ಲಿ ಕಂಡದ್ದು.

ನನ್ನನ್ನು ಹೆಚ್ಚು ಕಾಡುವುದು ಔಷಧಗಳ ವಿಷಯ. ಸೆನ್ಸರ್ ಮಾದರಿಗೆ ತಕ್ಕಂತೆ ಹೆಚ್ಚು ಪ್ರಮಾಣದ ವಿಟಮಿನ್ ಸಿ, ಪ್ಯಾರಾಸಿಟಮಾಲ್ ಅಥವಾ ಕೆಲವು ರಕ್ತದ ಕಾಯಿಲೆಗಳಿಗೆ ಕೊಡುವ ಹೈಡ್ರಾಕ್ಸಿಯೂರಿಯಾ, ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸಬಲ್ಲವು. ಆ ಅಂಕಿಯನ್ನೇ ನಂಬಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಮತ್ತು ಅಲಾರಂ ಹೊಡೆಯಬೇಕಾದ ಸಾಧನ ಆಗಲೂ ಸುಮ್ಮನಿರಬಹುದು.

ಹಾಗೆಂದು ಸೆನ್ಸರ್ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿದರೆ ಸಿಗುವುದು ನಾಲ್ಕೇ ಅಂಕಿ. ಸೆನ್ಸರ್ ಕೆಲವೇ ನಿಮಿಷಗಳಿಗೊಮ್ಮೆ ಲೆಕ್ಕ ಕೊಡುತ್ತದೆ, ರಾತ್ರಿಯ ಇಳಿತವನ್ನು ಬೇಗ ಹಿಡಿಯುತ್ತದೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಸ್ಪತ್ರೆಗಳಲ್ಲಿ ಇದರ ಬಳಕೆಗೆ ಆಕ್ಷೇಪವೆತ್ತದೆ ಇದ್ದದ್ದರಿಂದ ಅನೇಕ ವಾರ್ಡ್‌ಗಳಿಗೆ ಇದರ ಉಪಯೋಗ ಮನವರಿಕೆಯಾಯಿತು. ಅಲ್ಲಿ ಹಲವರು ಅನುಸರಿಸಿದ ಕ್ರಮ ಸರಳವಾದದ್ದು: ರಕ್ತದ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಎರಡು ಅಂಕಿಗಳ ಅಂತರ ಡೆಸಿಲೀಟರ್‌ಗೆ 20 ಮಿಲಿಗ್ರಾಂ ಒಳಗೆ, 100 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ 20ರೊಳಗೆ ಇದ್ದಾಗ ಮಾತ್ರ ಸೆನ್ಸರನ್ನು ನೆಚ್ಚುವುದು.

ಆದ್ದರಿಂದ ಆಸ್ಪತ್ರೆಗಳು ಕೇಸ್ ಶೀಟ್‌ನಲ್ಲಿ ಸೆನ್ಸರ್ ಮತ್ತು ಗ್ಲುಕೋಮೀಟರ್ ಅಂಕಿಗಳಿಗೆ ಅಕ್ಕಪಕ್ಕ ಜಾಗ ಮಾಡಬೇಕು, ಸೆನ್ಸರ್ ಯಾವ ಮಾದರಿಯದು, ಯಾವಾಗ ಹಾಕಿದ್ದು ಎಂಬುದನ್ನು ದಾಖಲಾಗುವಾಗಲೇ ಬರೆದುಕೊಳ್ಳಬೇಕು, ಮತ್ತು ಇನ್ಸುಲಿನ್ ಕೊಡುವ ಮೊದಲು ಬೆರಳು ಚುಚ್ಚಿ ನೋಡುವುದನ್ನು ಕೆಲಸದ ಒತ್ತಡ ಎಷ್ಟೇ ಇದ್ದರೂ ಬಿಡಬಾರದು ಎಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ