ಪ್ರೋಟೀನ್ ಪಾಠ ಬಾಯಿಪಾಠ ಆಗೋದು ಬೇಡ

ಮಾನ್ಯ ಸಂಪಾದಕರೇ,

ಧಾರವಾಡದಲ್ಲಿ ಬಿ.ಎಸ್ಸಿ. ಓದುವ ಹುಡುಗರಿಗೆ ಟ್ಯೂಷನ್ ಹೇಳುತ್ತೇನೆ. ಪ್ರೋಟೀನ್ ಪಾಠ ಬಂತು ಅಂದರೆ ಎಲ್ಲರೂ ಸುಮ್ನೆ ಬಾಯಿಪಾಠ ಮಾಡುತ್ತಾರೆ. ನೋಡಿ ಬಹಳ ಬೇಜಾರಾಗುತ್ತೆ.

ಬಟಾಣಿಯ ಹಿಸ್ಟೋನ್ ಎಚ್4 ಪ್ರೋಟೀನನ್ನೂ ಆಕಳಿನದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಸರಪಳಿಯ ಕೊಂಡಿಗಳ ಹಾಗೆ ಜೋಡಿಸಿಕೊಂಡ 102 ಅಮೈನೋ ಆಮ್ಲಗಳಲ್ಲಿ ಬರೀ 2 ಕಡೆ ವ್ಯತ್ಯಾಸ! ಡಿಎನ್‌ಎ ಸುತ್ತಿಡುವ ಕೆಲಸ ಅಷ್ಟು ನಾಜೂಕು, ಎಲ್ಲಿ ಬದಲಾದರೂ ಜೀವಕೋಶಕ್ಕೆ ಕಷ್ಟ, ಅದಕ್ಕೇ ಅದು ಹಾಗೇ ಉಳಿದಿದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ಹುಡುಗ ಮರೀತಾನಾ?

ಇನ್ನು ಕೆಲವು ಪ್ರೋಟೀನ್ ಕುಟುಂಬಗಳಲ್ಲಿ, ಅಂದರೆ ಒಂದೇ ಮೂಲದಿಂದ ಬಂದ ಪ್ರೋಟೀನುಗಳಲ್ಲಿ, ಉಳಿದದ್ದೆಲ್ಲ ಬದಲಾಗಿ ಚಿಕ್ಕ ಗುರುತು ಮಾತ್ರ ಉಳಿದಿರುತ್ತೆ. 1982ರಲ್ಲಿ ವಿಜ್ಞಾನಿ ಜಾನ್ ವಾಕರ್ ಮತ್ತು ಸಂಗಡಿಗರು ತೋರಿಸಿದ್ದು ಇಂಥದ್ದೇ: ಒಂದು ಗ್ಲೈಸಿನ್, ಆಮೇಲೆ ಯಾವುದಾದರೂ ನಾಲ್ಕು ಅಮೈನೋ ಆಮ್ಲ, ಮತ್ತೆ ಗ್ಲೈಸಿನ್, ಲೈಸಿನ್, ಕೊನೆಗೆ ಸೆರಿನ್ ಇಲ್ಲವೇ ಥ್ರಿಯೋನಿನ್. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವಿನ ಫಾಸ್ಫೇಟನ್ನು ಹಿಡಿಯುವ ಜಾಗ ಅದು. ಆದರೆ ಇಷ್ಟು ಚಿಕ್ಕ ಗುರುತು ಆಕಸ್ಮಿಕವಾಗಿಯೂ ಸಿಗಬಹುದು, ಅದೊಂದನ್ನೇ ನಂಬಿ ಕುಟುಂಬ ಹೇಳಬಾರದು, ಅಕ್ಕಪಕ್ಕದ್ದನ್ನೂ ಉದ್ದಕ್ಕೂ ಹೋಲಿಸಬೇಕು. ಪಠ್ಯದಲ್ಲಿ ಈ ಮಾತಿಗೇ ಜಾಸ್ತಿ ಜಾಗ ಬೇಕು ಅನ್ನೋದು ನನ್ನ ಅಭಿಪ್ರಾಯ.

ಪ್ರೋಟೀನ್ ಮಾಹಿತಿಯ ಭಂಡಾರ ಯುನಿಪ್ರಾಟ್, ಅವನ್ನು ಹೋಲಿಸಿ ಹುಡುಕುವ ಬ್ಲಾಸ್ಟ್ ಎಲ್ಲಾ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕಂಪ್ಯೂಟರ್, ನೆಟ್ ಇದ್ದರೆ ಆಯ್ತು, ರಾಸಾಯನಿಕದ ಖರ್ಚೂ ಇಲ್ಲ ಅಲ್ವಾ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಾಲೇಜುಗಳು ಪ್ರಾಕ್ಟಿಕಲ್‌ನಲ್ಲಿ ವಾರಕ್ಕೊಂದು ತಾಸು ಇದಕ್ಕೆ ಕೊಡಲಿ. ಬಟಾಣಿ, ಆಕಳಿನಿಂದಲೇ ಶುರು ಮಾಡಬಹುದು.

– ಒಬ್ಬ ಟ್ಯೂಷನ್ ಶಿಕ್ಷಕಿ, ಧಾರವಾಡ